ದೇಶಾಂತರವಾಸಿಯ ಋಣ

ಕ್ರಿಸ್ತಶಕ ೧೮೮೪ನೆಯ ಇಸವಿಯು ಗುಬ್ಬಿಯವರಾದ ನಾವು ಮರೆಯತಕ್ಕ ಇಸವಿಯಲ್ಲ. ಶ್ರೀ ಚನ್ನಬಸವೇಶ್ವರ ಸ್ವಾಮಿಯ ನಾಮಾಂಕಿತದಿಂದ ನಮ್ಮೂರಿನ ನಾಟಕ ಮಂಡಲಿಯು ಹುಟ್ಟಿದುದು ಆ ವರ್ಷದಲ್ಲಿ. ಅದೇ ವರ್ಷದ ಜನವರಿ ತಿಂಗಳಲ್ಲಿ ನೆರೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆ ಗ್ರಾಮದಲ್ಲಿ, ಮುಂದೆ ಇಂಗ್ಲಿಷ್ ಗೀತಗಳನ್ನು ಕನ್ನಡಕ್ಕೆ ತಂದು ನಮ್ಮ ಕಾವ್ಯಕ್ಕೆ ಹೊಸ ಉಸಿರನ್ನಿತ್ತ ಬಿ. ಎಂ. ಶ್ರೀಕಂಠಯ್ಯನವರು ಜನಿಸಿದರು. ಮರುತಿಂಗಳಲ್ಲಿ, ಸಮುದ್ರಗಳಾಚೆ, ಸ್ಪೇನ್ ದೇಶದ ಬಾರ್ಸಿಲೋನಾ ಪಟ್ಟಣದಲ್ಲಿ ಜೋಸೆಪ್ ಕಾರ್ನೇರ್ ಎಂಬ ಶಿಶುವು ಹುಟ್ಟಿತು. ಈತನೂ ಬೆಳೆದು ಕವಿಯಾದನು. ಈತನೂ ಷೇಕ್ಸ್‌ಪಿಯರನ ನಾಟಕವನ್ನೂ ಡಿಕನ್ಸನ ಕಥೆಗಳನ್ನೂ ತನ್ನ ಮಾತೃಭಾಷೆಯಾದ ಕಟಲಾನಿಗೆ ಪರಿವರ್ತಿಸಿದನು. ಒಂದೇ ಋತುವಿನಲ್ಲಿ ಹುಟ್ಟಿ ಒಂದೇ ಕೆಲಸವನ್ನು ಕೈಕೊಂಡ ಈ ಇಬ್ಬರ ಬಾಳು ಮುಗಿದ ಬಗೆ ಮಾತ್ರ ಬೇರೆಬೇರೆ. ಶ್ರೀಕಂಠಯ್ಯನವರು ೧೯೪೬ರಲ್ಲಿ ಧಾರವಾಡದಲ್ಲಿ, ಕನ್ನಡಿಗರ ನಡುವೆ, ಕನ್ನಡದ ಕೆಲಸದಲ್ಲಿರುವಾಗಲೇ ತೀರಿಕೊಂಡರು. ಕಾರ್ನೇರನು ೧೯೭೦ರಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ದೇಶಭ್ರಷ್ಟನಾಗಿ ಕಣ್ಣು ಮುಚ್ಚಿದನು.

ಕಾರ್ನೇರನು ಮಾಡಿದ ಅಪರಾಧವೇನೆಂದು ವಾಚಕರು ಕೇಳಬಹುದು. ಆತನು ಸ್ಪೇನಿನ ಗಣರಾಜ್ಯದ ರಾಯಭಾರ ಇಲಾಖೆಯಲ್ಲಿ ಅಧಿಕಾರಿಯಾಗಿದ್ದನು. ೧೯೩೬ರಲ್ಲಿ ಸೇನಾನಿ ಫ್ರಾಂಕೋ ದಂಗೆಯೆದ್ದಾಗ, ತಾನು ಉಪ್ಪುಂಡ ಗಣರಾಜ್ಯಕ್ಕೆ ಆತನು ನಿಷ್ಠನಾಗಿ ನಿಂತನು. ೧೯೩೯ರ ಜನವರಿಯಲ್ಲಿ ಬಾರ್ಸಿಲೋನಾ ಪಟ್ಟಣವು ಫ್ರಾಂಕೋವಿನ ವಶವಾಯಿತು. ಅಲ್ಲಿಂದ ಮುಂದೆ ಕಟಲಾನ್ ಭಾಷೆಗೆ ಪಾಠಶಾಲೆಯಲ್ಲಿಯೂ ಕಚೇರಿಯಲ್ಲಿಯೂ ವೃತ್ತಪತ್ರಿಕೆಯಲ್ಲಿಯೂ ಪ್ರವೇಶವಿಲ್ಲದೆ ಹೋಯಿತು. ಆ ಭಾಷೆಯ ಲೇಖಕರು ಫ್ರಾನ್ಸಿಗೂ ಮೆಕ್ಸಿಕೋವಿಗೂ ಚದುರಿಹೋದರು. ಕಾರ್ನೇರನೂ ಮೆಕ್ಸಿಕೋವಿನಲ್ಲಿ ಕೆಲವು ವರ್ಷಗಳಿದ್ದು, ಬಳಿಕ ಬ್ರಸೆಲ್ಸಿನಲ್ಲಿ ಉಪಾಧ್ಯಾಯನಾಗಿ ಜೀವಿಸಿದನು. ತನ್ನೂರಿನ ಶಾಲೆ ಕಚೇರಿಗಳಿಂದ ಹೊರದೂಡಿದ ಭಾಷೆಯಲ್ಲಿಯೇ ಕೊನೆಯವರೆಗೂ ಪದ್ಯ ಬರೆದನು. ೧೯೭೫ರಲ್ಲಿ ಫ್ರಾಂಕೋ ಸತ್ತ ಬಳಿಕ ಕಟಲಾನ್ ಭಾಷೆಯು ಮರಳಿ ಶಾಲೆಗಳಲ್ಲಿ ಕಾಲಿಟ್ಟಿತು. ತಾಯ್ನಾಡಿನಲ್ಲಿ ಕಟ್ಟಿಹಾಕಿದ್ದ ಭಾಷೆಯನ್ನು ಪರದೇಶದಲ್ಲಿ ಉಪವಾಸಕ್ಕೆ ಬೀಳದಂತೆ ಕಾದಿಟ್ಟವರಲ್ಲಿ ಈ ಭಾಷಾಂತರಕಾರನೊಬ್ಬನು.

ಈ ವೃತ್ತಾಂತವನ್ನು ಓದಿದಾಗ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆಯು ಹುಟ್ಟಿತು. ಕನ್ನಡದಲ್ಲಿ ಇಂಥವರಾರು? ಆದಿಕವಿ ಪಂಪನು ವೇಮುಲವಾಡದ ಅರಸನ ಆಶ್ರಯದಲ್ಲಿದ್ದು, ದೂರದ ಬನವಾಸಿಯನ್ನು ನೆನೆದನೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. ಆದರೆ ಪರಸ್ಥಳದಲ್ಲಿ ಕುಳಿತು ಒಂದು ಕೈಯಲ್ಲಿ ಸ್ವಂತ ಕವಿತೆಯನ್ನೂ ಇನ್ನೊಂದು ಕೈಯಲ್ಲಿ ಭಾಷಾಂತರವನ್ನೂ ನಡೆಯಿಸಿದವರೆಂದರೆ, ನಮ್ಮ ಕಣ್ಣೆದುರಿಗೆ ಬರುವವರು ಮೈಸೂರಿನ ಎ. ಕೆ. ರಾಮಾನುಜನ್ ಅವರೇ. ಇವರನ್ನು ಯಾರೂ ಗಡಿಪಾರು ಮಾಡಲಿಲ್ಲ. ಯಾವ ಫಿರಂಗಿಯೂ ಇವರನ್ನು ಓಡಿಸಲಿಲ್ಲ. ಹೊಟ್ಟೆಪಾಡಿಗೂ ವಿದ್ಯೆಗೂ ತಾವಾಗಿಯೇ ಹೋದರು, ಅಲ್ಲಿಯೇ ಉಳಿದರು, ಅಲ್ಲಿಯೇ ಗತಿಸಿದರು. ಆದುದರಿಂದ ದೇಶಭ್ರಷ್ಟರೆಂಬ ಮಾತು ಇವರಿಗೆ ಸಲ್ಲದು, ದೇಶಾಂತರವಾಸಿಗಳೆಂದರೆ ಸಲ್ಲುವುದು. ಗುಬ್ಬಿ, ಕುಣಿಗಲು, ತುಮಕೂರುಗಳಿಂದ ಪ್ರತಿವರ್ಷವೂ ವಿದ್ಯಾವಂತ ಯುವಕರು ಇದೇ ಬಗೆಯಲ್ಲಿ ಹೊರಗೆ ಹೋಗುತ್ತಿರುವ ಕಾಲದಲ್ಲಿ, ಇವರ ಚರಿತ್ರವು ನಮಗೆ ಕಟಲಾನ್ ಕವಿಯ ಚರಿತ್ರಕ್ಕಿಂತ ಹತ್ತಿರವಾದುದೂ ಹೆಚ್ಚು ವಿಚಾರಾರ್ಹವಾದುದೂ ಆಗಿರುತ್ತದೆ.

ಅತ್ತಿಪಟ್ ಕೃಷ್ಣಸ್ವಾಮಿ ರಾಮಾನುಜನ್ ಅವರು ೧೯೨೯ನೆಯ ಮಾರ್ಚಿ ೧೬ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ತಂದೆಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತದ ಅಧ್ಯಾಪಕರು; ಖಗೋಲಶಾಸ್ತ್ರವನ್ನು ಬಲ್ಲವರು, ಜ್ಯೋತಿಷ್ಯವನ್ನೂ ಬಿಡದವರು. ಮನೆಯ ಮಹಡಿಯ ಮೇಲೆ ತಂದೆಯ ಇಂಗ್ಲಿಷೂ ಸಂಸ್ಕೃತವೂ, ಕೆಳಗೆ ಅಡಿಗೆಯ ಮನೆಯಲ್ಲಿ ತಾಯಿಯ ತಮಿಳು, ಬಾಗಿಲು ದಾಟಿ ಬೀದಿಗಿಳಿದರೆ ಕನ್ನಡ. ಹೀಗೆ ಒಂದೇ ಮನೆಯ ಮೆಟ್ಟಿಲುಗಳನ್ನು ಹತ್ತಿಳಿಯುವುದರಲ್ಲಿಯೇ ಹುಡುಗನಿಗೆ ಭಾಷಾಂತರದ ಅಭ್ಯಾಸವಾಯಿತು. ಮರಿಮಲ್ಲಪ್ಪನವರ ಹೈಸ್ಕೂಲಿನಲ್ಲಿಯೂ ಮಹಾರಾಜಾ ಕಾಲೇಜಿನಲ್ಲಿಯೂ ಓದಿ, ಇಂಗ್ಲಿಷ್ ಸಾಹಿತ್ಯದಲ್ಲಿ ಪದವಿ ಪಡೆದು, ಕೊಲ್ಲಂ, ಬೆಳಗಾವಿ, ಬರೋಡಗಳ ಕಾಲೇಜುಗಳಲ್ಲಿ ಉಪಾಧ್ಯಾಯರಾದರು. ಬೆಳಗಾವಿಯ ಸೀಮೆಯಲ್ಲಿದ್ದಾಗ ಇಂಗ್ಲಿಷ್ ಪಾಠ ಹೇಳಿದುದಲ್ಲದೆ, ಹೆಂಗಸರ ಬಾಯಿಂದ ಅಜ್ಜಿಕಥೆಗಳನ್ನೂ ಗಾದೆಗಳನ್ನೂ ಕೇಳಿ ಬರೆದುಕೊಂಡರು. ಕಾಲೇಜು ಉಪಾಧ್ಯಾಯನೊಬ್ಬನು ಅಡಿಗೆಯ ಮನೆಯ ಕಥೆಯನ್ನು ಬರೆದುಕೊಳ್ಳುವುದನ್ನು ಕಂಡು ಅಂದು ನಕ್ಕವರೂ ಇದ್ದಿರಬಹುದು. ಇಂದು ಆ ಕಥೆಗಳು ದೇಶದೇಶಗಳ ಮಕ್ಕಳಿಗೆ ಪಾಠವಾಗಿರುತ್ತವೆ.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರವನ್ನು ಅಭ್ಯಾಸ ಮಾಡಿದ ಬಳಿಕ, ೧೯೫೯ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ ಅವರು ಅಮೆರಿಕಾಕ್ಕೆ ಹೊರಟರು. ಇಂಡಿಯಾನಾ ವಿಶ್ವವಿದ್ಯಾನಿಲಯದಿಂದ ೧೯೬೩ರಲ್ಲಿ ಡಾಕ್ಟರ್ ಪದವಿ ದೊರೆಯಿತು. ಅಷ್ಟರಲ್ಲಿಯೇ ಚಿಕಾಗೋ ವಿಶ್ವವಿದ್ಯಾನಿಲಯವು ಅವರನ್ನು ಕರೆದುಕೊಂಡಿದ್ದಿತು. ೧೯೬೨ರಲ್ಲಿ ಹಳಗಾಲದ ತಮಿಳಿನ ಒಂದು ವ್ಯಾಕರಣವನ್ನು ಹುಡುಕುತ್ತ ಅಲ್ಲಿನ ಪುಸ್ತಕಭಂಡಾರದ ನೆಲಮಾಳಿಗೆಗೆ ಇಳಿದವರಿಗೆ, ಎರಡು ಸಾವಿರ ವರ್ಷಗಳಷ್ಟು ಹಿಂದಿನ ತಮಿಳು ಪ್ರೇಮಕವಿತೆಗಳ ಸಂಕಲನವು ಸಿಕ್ಕಿತು. ತಾಯಿಯ ಭಾಷೆಯ ಮೂಲನಿಧಿಯು ತಾಯ್ನಾಡಿನಲ್ಲಿ ಕಾಣದೆ ಮಂಜು ಬೀಳುವ ಪರದೇಶದ ನೆಲಮಾಳಿಗೆಯಲ್ಲಿ ಕಂಡಿತು! ಇದನ್ನು ವಿನೋದವೆಂದು ನಕ್ಕುಬಿಡುವುದಕ್ಕಾಗುವುದಿಲ್ಲ. ಅವರೇನು ನಾಡಿನಲ್ಲಿ ಓದದೆ ಇದ್ದವರಲ್ಲ. ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿತವನಿಗೆ ಸ್ವಭಾಷೆಯ ಪ್ರಾಚೀನರ ಪರಿಚಯ ಮಾಡಿಸುವ ಏರ್ಪಾಡು ಇರಲಿಲ್ಲ. ಇಂದಾದರೂ ಇರುವುದೇ ಎಂದು ಅಧ್ಯಾಪಕ ಮಹಾಶಯರು ತಮ್ಮ ಎದೆಯ ಮೇಲೆ ಕೈಯಿಟ್ಟು ಹೇಳಲಿ.

ಆ ತಮಿಳು ಕವಿತೆಗಳ ಇಂಗ್ಲಿಷ್ ಅನುವಾದವು ೧೯೬೭ರಲ್ಲಿ ಹೊರಬಂದಿತು. ೧೯೭೩ರಲ್ಲಿ ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು ಈ ನಾಲ್ವರ ವಚನಗಳ ಅನುವಾದವು 'ಸ್ಪೀಕಿಂಗ್ ಆಫ್ ಶಿವ' ಎಂಬ ಹೆಸರಿನಿಂದ ಪೆಂಗ್ವಿನ್ ಪ್ರಕಾಶನದ ಮೂಲಕ ಪ್ರಪಂಚದ ಅಂಗಡಿಗಳಿಗೆ ಹೋಯಿತು. ೧೯೭೬ರಲ್ಲಿ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯ ಅನುವಾದ. ೧೯೮೧ರಲ್ಲಿ ನಮ್ಮಾಳ್ವಾರರ ಪದ್ಯಗಳು. ೧೯೯೧ರಲ್ಲಿ ಇಂಡಿಯಾದ ಜನಪದ ಕಥೆಗಳ ಸಂಗ್ರಹ. ಇದರ ಜತೆಯಲ್ಲಿಯೇ ಅವರು ಇಂಗ್ಲಿಷಿನಲ್ಲಿ ಸ್ವಂತ ಕವಿತೆಗಳನ್ನು ಬರೆದು ಕವಿಯೆಂಬ ಖ್ಯಾತಿಯನ್ನು ಪಡೆದರು. ಭಾರತ ಸರ್ಕಾರವು ೧೯೭೬ರಲ್ಲಿ ಪದ್ಮಶ್ರೀ ಬಿರುದನ್ನಿತ್ತಿತು. ಅಮೆರಿಕಾದವರು ೧೯೮೩ರಲ್ಲಿ ಮ್ಯಾಕಾರ್ಥರ್ ಪಾರಿತೋಷಿಕವನ್ನು ಕೊಟ್ಟರು. ೧೯೯೩ನೆಯ ಜುಲೈ ೧೩ರಲ್ಲಿ ಚಿಕಾಗೋವಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಮೃತರಾದರು. ಕೇಂದ್ರ ಸಾಹಿತ್ಯ ಅಕಾಡೆಮಿಯು ತನ್ನ ಬಹುಮಾನವನ್ನು ಕೊಟ್ಟುದು ೧೯೯೯ರಲ್ಲಿ; ಕೈನೀಡಿ ತೆಗೆದುಕೊಳ್ಳುವುದಕ್ಕೆ ಕವಿಯು ಇರಲಿಲ್ಲ.

ಇಷ್ಟನ್ನು ಬಹುಜನರು ಬಲ್ಲರು. ಬಲ್ಲವರಲ್ಲಿ ಅನೇಕರು ಮರೆಯುವುದು ಇನ್ನೊಂದು ಸಂಗತಿ. ಈ ಮನುಷ್ಯನು ಕನ್ನಡವನ್ನು ಬಿಡಲಿಲ್ಲ. 'ಹೊಕ್ಕುಳಲ್ಲಿ ಹೂವಿಲ್ಲ' ೧೯೬೯ರಲ್ಲಿ, 'ಮತ್ತು ಇತರ ಪದ್ಯಗಳು' ೧೯೭೭ರಲ್ಲಿ, 'ಮತ್ತೊಬ್ಬನ ಆತ್ಮಚರಿತ್ರೆ' ಎಂಬ ಕಿರುಕಾದಂಬರಿಯು ೧೯೭೮ರಲ್ಲಿ, 'ಕುಂಟೋಬಿಲ್ಲೆ' ೧೯೯೦ರಲ್ಲಿ ಪ್ರಕಟವಾದುವು. ಇವೆಲ್ಲವೂ ದೇಶಾಂತರವಾಸದ ಕಾಲದ ಫಲಗಳು. ಇಂಗ್ಲಿಷಿನಲ್ಲಿ ಬರೆದರೆ ಕೀರ್ತಿಯಿದ್ದಿತು, ಪ್ರೊಫೆಸರ್ ಪದವಿಗೆ ಅದೇ ಸಾಕಾಗಿದ್ದಿತು. ಚಿಕಾಗೋವಿನ ಚಳಿಗಾಲದಲ್ಲಿ ಕನ್ನಡ ಪದ್ಯವನ್ನು ಬರೆದರೆ ಕೇಳುವ ಕಿವಿ ಆ ಬೀದಿಯಲ್ಲಿ ಯಾರದು? ಆದರೂ ಬರೆದರು. ಇಂಡೋ-ಅಮೆರಿಕನ್ ಎಂಬ ಪದದ ನಡುವೆ ಇರುವ ಗೀಟೇ ತಾನೆಂದು ಅವರು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತಿದ್ದರು. ಆ ಗೀಟಿನ ಮೇಲೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸಮತೂಕದಿಂದ ನಿಂತಿರುವುದು ಸುಲಭಸಾಧ್ಯವಲ್ಲ.

ಈಗ ನಮ್ಮ ಸೀಮೆಯ ಕಡೆಗೆ ತಿರುಗೋಣ. ವಚನವೆಂಬುದೇ ಹುಟ್ಟಿನಿಂದ ದೇಶಾಂತರವನ್ನು ಕಂಡ ಸಾಹಿತ್ಯವು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ರಾಂತಿಯಾದಾಗ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಆ ಚದುರಿದ ವಾಣಿಯನ್ನು ಕೂಡಿಹಾಕುವ ಕೆಲಸವು ಮುಂದೆ ಬಹುಮಟ್ಟಿಗೆ ನಡೆದುದು ನಮ್ಮ ಈ ತುಮಕೂರು ಸೀಮೆಯಲ್ಲಿ. ಕುಣಿಗಲು ತಾಲ್ಲೂಕಿನ ಕಗ್ಗೆರೆಯ ತೋಟದಲ್ಲಿ ತಪವಿದ್ದು ಯಡಿಯೂರಿನಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗಯತಿಗಳು ೭೦೧ ವಚನಗಳನ್ನು ತಾವೇ ರಚಿಸಿದರು; ಅವರ ಪರಂಪರೆಯವರು ಹಿಂದಿನ ಶರಣರ ವಚನಗಳನ್ನು ಹುಡುಕಿ ಜೋಡಿಸಿದರು. 'ಶೂನ್ಯಸಂಪಾದನೆ'ಯನ್ನು ಸಂಕಲಿಸಿದವರಲ್ಲಿ ಒಬ್ಬರಾದ ಸಿದ್ಧವೀರಣ್ಣೊಡೆಯರು ಗೂಳೂರಿನ ಹೆಸರನ್ನು ಹೊತ್ತವರು. ಮತ್ತೆ ನಾನೂರು ವರ್ಷಗಳಾದ ಮೇಲೆ ಫ. ಗು. ಹಳಕಟ್ಟಿಯವರು ಬಿಜಾಪುರದಲ್ಲಿ ಓಲೆಗರಿಗಳನ್ನು ಕೂಡಿಸಿ, ಮನೆಯನ್ನು ಮಾರಿ ಮುದ್ರಣಾಲಯವನ್ನಿಟ್ಟು, ವಚನಗಳನ್ನು ಅಚ್ಚಿಗೆ ತಂದರು. ಆ ಅಚ್ಚಿನ ಅಕ್ಷರವೇ ಕೊನೆಗೆ ಮೈಸೂರಿನ ಹುಡುಗನೊಬ್ಬನ ಕೈಸೇರಿ ಚಿಕಾಗೋವಿನಿಂದ ಲೋಕಕ್ಕೆ ಹೋಯಿತು. ಕಲ್ಯಾಣ, ಯಡಿಯೂರು, ಬಿಜಾಪುರ, ಚಿಕಾಗೋ: ಒಂದೇ ದಾರಿಯ ನಾಲ್ಕು ತಂಗುದಾಣಗಳಿವು. ನಿಂತುದಕ್ಕಿಂತ ನಡೆವುದೇ ದೊಡ್ಡದೆಂಬ ಶರಣರ ತತ್ತ್ವವು ಅವರ ಮಾತಿನ ಪ್ರಯಾಣದಿಂದಲೇ ಸಿದ್ಧವಾಯಿತು.

ಇನ್ನು ಗುಬ್ಬಿಯ ಮಾತು. ವಿಜಯನಗರದ ಕಾಲದಲ್ಲಿ ನಮ್ಮೂರಿಗೆ ಕೀರ್ತಿ ತಂದ ಮಲ್ಲಣಾರ್ಯ ಕವಿಯು ೧೫೧೩ರಲ್ಲಿ 'ಭಾವಚಿಂತಾರತ್ನ'ವನ್ನು ರಚಿಸಿದನು. ಸತ್ಯೇಂದ್ರಚೋಳನ ಈ ಕಥೆಗೆ ತಮಿಳೇ ಮೂಲವೆಂದು ಸಾಹಿತ್ಯಚರಿತ್ರಕಾರರು ಬರೆದಿರುವರು. ಅಂದರೆ, ತಮಿಳಿನಿಂದ ಕನ್ನಡಕ್ಕೆ ಬಾಗಿಲು ತೆರೆದ ಒಬ್ಬ ಕವಿಯು ಐದುನೂರು ವರ್ಷಗಳ ಹಿಂದೆಯೇ ಗುಬ್ಬಿಯಲ್ಲಿದ್ದನು. ರಾಮಾನುಜನ್ ಅವರೂ ಮನೆಯಲ್ಲಿ ತಮಿಳನ್ನಾಡಿದವರು. ಅವರಂತೆಯೇ ಮಾಸ್ತಿಯವರು, ಕೈಲಾಸಂ, ರಾಜರತ್ನಂ, ಪು. ತಿ. ನರಸಿಂಹಾಚಾರ್ಯರು ಇವರೆಲ್ಲರ ಮನೆಮಾತು ತಮಿಳು. ಬೇಂದ್ರೆಯವರ ಮನೆಮಾತು ಮರಾಠಿ. ಇವರನ್ನೆಲ್ಲಾ ಕನ್ನಡಿಗರನ್ನಾಗಿ ಮಾಡಿದುದು ಬಲಾತ್ಕಾರವಲ್ಲ. ಬೀದಿ, ಶಾಲೆ, ಸಂತೆ, ಗೆಳೆತನ. ೨೦೨೩ರಲ್ಲಿ ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯು ಪ್ರಾರಂಭವಾಗಿರುತ್ತದೆ. ಉದ್ಯೋಗವಿರುವಲ್ಲಿಗೆ ನಾನಾ ಭಾಷೆಯವರು ತಮ್ಮ ಮಕ್ಕಳೊಡನೆ ಬರುವುದು ಸಹಜವೇ. ಆ ಮಕ್ಕಳಿಗೆ ಗುಬ್ಬಿಯು ಪರದೇಶವಾಗುವುದೋ, ಮೈಸೂರು ರಾಮಾನುಜನ್ನರಿಗೆ ಆದಂತೆ ತೌರೂರಾಗುವುದೋ? ಅದು ನಮ್ಮ ಬೀದಿಯ ಮಾತಿನ ಸೊಗಸನ್ನೂ ನಮ್ಮ ಶಾಲೆಗಳ ಯೋಗ್ಯತೆಯನ್ನೂ ಅವಲಂಬಿಸಿರುವುದು. ಬಂದವರನ್ನು ಬೈಯುವುದರಿಂದ ಒಬ್ಬ ರಾಮಾನುಜನ್ನನೂ ಹುಟ್ಟಲಾರನು.

ಇದಕ್ಕೆ ಕೆಲವರು ಆಕ್ಷೇಪಗಳನ್ನು ಎತ್ತುವರು. ಅವುಗಳನ್ನು ಮುಚ್ಚಿಡುವುದು ಧರ್ಮವಲ್ಲ. ಮೊದಲನೆಯದು: ನಾಡನ್ನು ಬಿಟ್ಟುಹೋದವನನ್ನು ನಾಡಾಭಿಮಾನಿಯಾದ ಪತ್ರಿಕೆಯು ಹೊಗಳಬಹುದೇ? ಈ ಆಕ್ಷೇಪವು ನಮಗೂ ಒಂದು ಕಾಲದಲ್ಲಿ ಇದ್ದಿತೆಂದು ಒಪ್ಪಿಕೊಳ್ಳುತ್ತೇವೆ. ಆದರೆ ಊರಿನಲ್ಲಿಯೇ ಇದ್ದುಕೊಂಡು ಮನೆಯಲ್ಲಿ ಮಕ್ಕಳೊಡನೆ ಕನ್ನಡವಾಡುವುದಕ್ಕೆ ನಾಚುವವನು ದೇಶಾಂತರದಲ್ಲಿರುವನೋ, ಸಾವಿರಾರು ಮೈಲಿಗಳಾಚೆ ಕುಳಿತು ಅಲ್ಲಮನ ಒಂದು ಪದಕ್ಕಾಗಿ ವರ್ಷಗಟ್ಟಲೆ ತಡಕಾಡುವವನು ದೇಶಾಂತರದಲ್ಲಿರುವನೋ? ದೇಶಾಂತರವನ್ನು ಮೈಲಿಗಳಿಂದ ಅಳೆಯುವ ಪದ್ಧತಿಯು ಸರಿಯಾದುದಲ್ಲ. ಹಾಗೆಂದು ಹೋಗುವುದೇ ಶ್ಲಾಘ್ಯವೆಂದೂ ನಾವು ಹೇಳುವುದಿಲ್ಲ. ಅಂಥ ವಿದ್ವಾಂಸನಿಗೆ ತಕ್ಕ ಪೀಠವನ್ನು ನಾವು ಒದಗಿಸದೆ ಹೋದೆವೆಂಬ ನಷ್ಟವು ನಮ್ಮ ಲೆಕ್ಕಕ್ಕೇ ಬರೆಯತಕ್ಕದ್ದು.

ಎರಡನೆಯದು ವಿದ್ವಾಂಸರ ಆಕ್ಷೇಪ. ರಾಮಾನುಜನ್ನರ ಅನುವಾದದಲ್ಲಿ ವಚನವು ಪಾಶ್ಚಾತ್ಯರ ಆಧುನಿಕ ಕವಿತೆಯ ಉಡುಪನ್ನು ತೊಟ್ಟಿತು, ಶರಣರ ಆಚಾರ ಪರಿಭಾಷೆಗಳ ಭಾರವು ಅಲ್ಲಿ ಹಗುರವಾಗಿಹೋಯಿತು ಎಂಬ ವಾದವಿದೆ. ತೇಜಸ್ವಿನಿ ನಿರಂಜನರು ೧೯೯೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಲ್ಲಮನ ಅನುವಾದವನ್ನೇ ಹಿಡಿದು ಕಟುವಾಗಿ ವಿಮರ್ಶಿಸಿರುವರು. ಈ ವಿಮರ್ಶೆಯಲ್ಲಿ ಸತ್ಯಾಂಶವುಂಟು. ಮೆಟ್ರಿಕ್ಯುಲೇಷನ್ನಿನ ಇಂಗ್ಲಿಷಿನಿಂದ, ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು ಆ ಪುಸ್ತಕವನ್ನು ಓದಿದ ನಮಗೂ, ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ವಚನದ ಲಯವು ಅಲ್ಲಿ ಕೇಳಿಸಲಿಲ್ಲ. ಆದರೆ ಬಾಯಿಪಾಠ ಮಾಡುವಾಗ ಹೊಳೆಯದಿದ್ದ ಅರ್ಥವು ಆ ಇಂಗ್ಲಿಷಿನ ಬರಿಯ ಮಾತುಗಳಲ್ಲಿ ಹೊಳೆದು ನಾಚಿಕೆಯಾಯಿತೆಂಬುದನ್ನೂ ಹೇಳದಿರಲಾರೆವು. ಅನುವಾದವು ಮೂಲದ ಬದಲಿಯಲ್ಲ. ಮೂಲದ ಬಾಗಿಲಿಗೆ ಕಟ್ಟಿದ ಗಂಟೆಯು. ಮಾಸ್ತಿಯವರು ೧೯೩೫ರಲ್ಲಿಯೇ ಬಸವಣ್ಣನವರನ್ನು ಇಂಗ್ಲಿಷಿಗೆ ತಂದಿದ್ದರು. ಒಬ್ಬರ ಅನುವಾದವು ಸಾಲದೆಂದು ತೋರಿದರೆ ಇನ್ನೊಬ್ಬರು ಮಾಡಲಿ. ಮಾಡದೆ ದೂರುವವರ ಸಂಖ್ಯೆಯು ಮಾತ್ರ ಹೆಚ್ಚಬಾರದು.

ಮೂರನೆಯದು ಆಕ್ಷೇಪವಲ್ಲ, ಒಂದು ವಿಷಾದಕರ ಘಟನೆ. 'ಮುನ್ನೂರು ರಾಮಾಯಣಗಳು' ಎಂಬರ್ಥದ ಹೆಸರುಳ್ಳ ಅವರ ಇಂಗ್ಲಿಷ್ ಪ್ರಬಂಧವೊಂದು ದಿಲ್ಲಿ ವಿಶ್ವವಿದ್ಯಾನಿಲಯದ ಚರಿತ್ರೆಯ ತರಗತಿಗೆ ಪಾಠವಾಗಿದ್ದಿತು. ವಾಲ್ಮೀಕಿ, ಕಂಬ, ಜೈನಕವಿಗಳು, ನಮ್ಮ ಹಳ್ಳಿಯ ಹಾಡುಗಾರರು ರಾಮಕಥೆಯನ್ನು ಹೇಗೆ ಹೇಗೆ ಹೇಳಿದರೆಂಬುದೇ ಅದರ ವಿಷಯ. ೨೦೦೮ರಲ್ಲಿ ಅದರ ನೆಪದಿಂದ ಆ ಇಲಾಖೆಯ ಮೇಲೆ ದಾಳಿ ನಡೆಯಿತು. ೨೦೧೧ರಲ್ಲಿ ವಿದ್ವತ್ಸಭೆಯು ಪ್ರಬಂಧವನ್ನು ಪಾಠಪಟ್ಟಿಯಿಂದ ತೆಗೆದುಹಾಕಿತು. ಬದುಕಿರುವಾಗ ಯಾರೂ ಮಾಡದ ಗಡಿಪಾರನ್ನು ಸತ್ತ ಹದಿನೆಂಟು ವರ್ಷಗಳ ಮೇಲೆ ಮಾಡಿದಂತಾಯಿತು. ಆ ಪ್ರಬಂಧದ ಮಾತು ಯಾರಿಗೆ ಒಪ್ಪಿಗೆಯಾಗದೋ ಅವರು ಅದಕ್ಕೆ ಉತ್ತರವಾಗಿ ಮತ್ತೊಂದು ಪ್ರಬಂಧವನ್ನು ಬರೆಯಬೇಕಾಗಿದ್ದಿತು. ತೊರವೆ ರಾಮಾಯಣವನ್ನೂ ಪಂಪರಾಮಾಯಣವನ್ನೂ ಒಂದೇ ಕಪಾಟಿನಲ್ಲಿಟ್ಟು ಎರಡಕ್ಕೂ ಕೈಮುಗಿದ ನಾಡಿನವರಿಗೆ ಈ ಭಯವು ಶೋಭಿಸದು.

೨೦೨೫ರ ಮೇ ತಿಂಗಳಿನಲ್ಲಿ ಬಾನು ಮುಷ್ತಾಕರ ಕನ್ನಡ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನವು ಬಂದಾಗ ನಾವೆಲ್ಲರೂ ಪಟಾಕಿ ಹಚ್ಚಿದೆವು. ಹಚ್ಚಿದುದು ಸರಿ. ಅನುವಾದಕಿಯ ಕೈಯಿಲ್ಲದಿದ್ದರೆ ಆ ದೀಪವು ಲಂಡನ್ನಿಗೆ ಕಾಣುತ್ತಿರಲಿಲ್ಲವೆಂಬುದನ್ನು ಎಷ್ಟು ಜನ ನೆನೆದರು? ಆ ಕಥೆಗಳ ಕನ್ನಡ ಪುಸ್ತಕವನ್ನು ಬಹುಮಾನಕ್ಕೆ ಮೊದಲು ಎಷ್ಟು ಜನ ಕೊಂಡಿದ್ದರು? ಪರರು ತೂಕ ಮಾಡಿ ಬೆಲೆ ಹೇಳಿದ ಮೇಲೆಯೇ ನಮ್ಮ ಮನೆಯ ಚಿನ್ನವನ್ನು ಚಿನ್ನವೆಂದು ನಂಬುವ ಚಾಳಿಯು ಎಂದಿಗೆ ಬಿಟ್ಟೀತು?

ಆದುದರಿಂದ ನಮ್ಮ ವಿಜ್ಞಾಪನೆಗಳು ಮೂರು. ಇವುಗಳಲ್ಲಿ ಒಂದಕ್ಕೂ ಲಕ್ಷಗಟ್ಟಲೆ ದ್ರವ್ಯವು ಬೇಕಾಗಿಲ್ಲ. ಮೊದಲನೆಯದಾಗಿ, ಗುಬ್ಬಿ, ಕುಣಿಗಲು, ತುಮಕೂರುಗಳ ಸಾರ್ವಜನಿಕ ಪುಸ್ತಕಭಂಡಾರಗಳಲ್ಲಿ ರಾಮಾನುಜನ್ನರ ಕನ್ನಡ ಪುಸ್ತಕಗಳೂ, ಅವರ ವಚನಾನುವಾದವೂ, ಅದರ ಪಕ್ಕದಲ್ಲಿಯೇ ಮೂಲ ವಚನಗಳೂ ಒಂದೇ ಹಲಗೆಯ ಮೇಲೆ ಇರತಕ್ಕದ್ದು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಹುಡುಗನು ಇಂಗ್ಲಿಷಿನಿಂದ ಹೊರಟು ಕನ್ನಡಕ್ಕೆ ಮರಳುವ ದಾರಿಯಾದರೂ ತೆರೆದಿರಲಿ. ಎರಡನೆಯದಾಗಿ, ಹೈಸ್ಕೂಲಿನ ಉಪಾಧ್ಯಾಯರು ಬೇಸಗೆಯ ರಜೆಗೆ ಮುಂಚೆ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಕೆಲಸವನ್ನು ಒಪ್ಪಿಸಲಿ: ಮನೆಯ ಅಜ್ಜಿಯ ಬಾಯಿಂದ ಒಂದು ಕಥೆ, ಹತ್ತು ಗಾದೆ, ಅವಳ ಮಾತಿನಲ್ಲಿಯೇ ಬರೆದು ತರತಕ್ಕದ್ದು. ಬೆಳಗಾವಿಯಲ್ಲಿ ಒಬ್ಬ ತರುಣ ಉಪಾಧ್ಯಾಯನು ತಾನಾಗಿ ಮಾಡಿದ ಕೆಲಸವಿದು. ಅಜ್ಜಿಯರು ಕಾಯುತ್ತ ಕೂರುವುದಿಲ್ಲ. ಮೂರನೆಯದಾಗಿ, ಅಧಿಕಾರದಲ್ಲಿರುವ ಮಹನೀಯರು ಅನುವಾದವನ್ನು ಗುಮಾಸ್ತೆಯ ಕೆಲಸವೆಂದು ಬಗೆಯದಿರಲಿ. ಸರ್ಕಾರದ ಕುವೆಂಪು ಭಾಷಾ ಭಾರತಿ ಪ್ರಾಧಿಕಾರವು ಈ ಕಾರ್ಯಕ್ಕೆಂದೇ ಇರುವುದು. ಜಿಲ್ಲೆಯ ಕಾಲೇಜುಗಳಲ್ಲಿ ಎರಡು ಭಾಷೆಗಳನ್ನು ಬಲ್ಲ ತರುಣರನ್ನು ಗುರುತಿಸಿ ಅದರ ಸಂಬಂಧಕ್ಕೆ ತಂದರೆ, ಸಿದ್ಧಲಿಂಗಯತಿಗಳ ವಚನಗಳೂ ಮಲ್ಲಣಾರ್ಯನ ಕಾವ್ಯವೂ ಗುಬ್ಬಿಯಿಂದ ಹೊರಗೆ ಹೋಗುವ ದಿನ ಬಂದೀತು.

ಈ ಸಾಲುಗಳನ್ನು ದೂರದೇಶದಲ್ಲಿರುವ ನಮ್ಮೂರ ಮಕ್ಕಳು ಓದಿದರೆ ಅವರಿಗೂ ಒಂದು ಮಾತು. ನೀವು ಮರಳಿ ಬರಬೇಕೆಂದು ಆಜ್ಞೆ ಮಾಡುವ ಅಧಿಕಾರವು ನಮಗಿಲ್ಲ. ಹೊಟ್ಟೆಯ ಮಾತು ಹೊಟ್ಟೆಗೇ ಗೊತ್ತು. ಹೋದಲ್ಲಿ ಸಂಜೆಗೊಂದು ಗಳಿಗೆ ಕನ್ನಡದಲ್ಲಿ ಬರೆಯಿರಿ, ಮಕ್ಕಳೊಡನೆ ಕನ್ನಡದಲ್ಲಿ ನಗಿರಿ. ಕಾರ್ನೇರನ ಊರಿಗೆ ಅವನ ಭಾಷೆಯು ಮರಳುವುದಕ್ಕೆ ಮೂವತ್ತಾರು ವರ್ಷ ಹಿಡಿಯಿತು. ಅದನ್ನು ತಡೆದವನು ಸರ್ವಾಧಿಕಾರಿ. ಕನ್ನಡಕ್ಕೆ ಅಡ್ಡ ನಿಂತ ಸರ್ವಾಧಿಕಾರಿಯಾರೂ ಇಲ್ಲ. ನಮ್ಮ ಆಲಸ್ಯವೊಂದೇ ಇರುವುದು, ಮತ್ತು ಅದನ್ನು ಪದಚ್ಯುತಗೊಳಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.